ಫೋನ್ ಬಂದ ಮೇಲೆ ಹೊಸ ತಲೆಮಾರಿನ ಬುದ್ಧಿ ಕುಗ್ಗಿದೆಯೇ, ಮನೆಮಂದಿಯ ನಂಟು ಸಡಿಲವಾಗಿದೆಯೇ? ವಿಷಯ ಗೊತ್ತಿರುವವರು ಹೇಳಿ

ಹೊಸಬೆಳಕು

ಪ್ರೌಢಶಾಲೆಯೊಂದರ ಪೋಷಕರ ಸಭೆಗೆ ಮುಕ್ಕಾಲು ಗಂಟೆಯ ಮಾತು ಸಿದ್ಧವಾಗಬೇಕಿದೆ. ಕೇಳಲು ಬರುವವರಲ್ಲಿ ಅಪ್ಪ ಅಮ್ಮಂದಿರಷ್ಟೇ ಅಲ್ಲ, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರೂ ಇರುತ್ತಾರೆ. "ಈಗಿನ ಮಕ್ಕಳಿಗೆ ಮಗ್ಗಿ ಬರಲ್ಲ, ಒಂದು ನಂಬರ್ ನೆನಪಿರಲ್ಲ, ಮನೆಗೆ ಬಂದವರನ್ನ ಮಾತಾಡಿಸಲ್ಲ, ಎಲ್ಲಾ ಈ ಮೊಬೈಲಿಂದ" ಅನ್ನುವ ಮಾತು ಬಂದೇ ಬರುತ್ತದೆ. ಅದಕ್ಕೆ ಹೌದು ಅನ್ನಬೇಕೋ ಅಲ್ಲ ಅನ್ನಬೇಕೋ, ಯಾವ ಆಧಾರದ ಮೇಲೆ?

ಬಿಡಿಸಿ ಕೇಳುವುದಾದರೆ: ತಲೆಮಾರಿಂದ ತಲೆಮಾರಿಗೆ ಐಕ್ಯೂ, ಅಂದರೆ ಬುದ್ಧಿಪರೀಕ್ಷೆಯ ಅಂಕ, ನಿಜಕ್ಕೂ ಇಳಿಯುತ್ತಿದೆಯೇ, ಇಳಿದಿದ್ದರೆ ಫೋನೇ ಕಾರಣವೇ? ಎರಡು ಮೂರು ವರ್ಷದ ಮಗು ಹೊರದೇಶದಿಂದ ಅಜ್ಜಿಯ ಜೊತೆ ವಿಡಿಯೊ ಕಾಲ್ ಮಾಡಿದರೆ ಅದೂ ಸ್ಕ್ರೀನ್ ಟೈಮ್ ಲೆಕ್ಕಕ್ಕೆ ಬರುತ್ತದೆಯೇ? ಹೈಸ್ಕೂಲ್ ಮಕ್ಕಳು ಚಾಟ್‌ಬಾಟ್‌ನಲ್ಲಿ ಲೆಕ್ಕ ಮಾಡಿಸಿಕೊಂಡರೆ ಏನಾಗುತ್ತದೆ? ಎಪ್ಪತ್ತು ದಾಟಿದವರಿಗೆ ಸ್ಮಾರ್ಟ್‌ಫೋನ್ ಕಲಿಸುವುದು ಒಳ್ಳೆಯದೋ, ಸುಮ್ಮನೆ ತಲೆನೋವೋ?

ವಾಟ್ಸಾಪ್‌ನಲ್ಲಿ ಹರಿದಾಡುವ ಅಂಕಿ ಬೇಡ. ಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಿದರೆ ಉತ್ತರ ಕೊಡುವಂತಿರಬೇಕು.

---

ಅಳತೆಗೋಲು

ಮೊದಲ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಇಲ್ಲಿ ತಪ್ಪಿದರೆ ನಿಮ್ಮ ಇಡೀ ಮಾತು ಹಳಿ ತಪ್ಪುತ್ತದೆ.

ಐಕ್ಯೂ ಅನ್ನುವುದು ಟೇಪು ಹಿಡಿದು ಅಳೆದ ಎತ್ತರವಲ್ಲ. ಓರಗೆಯವರ ಸಾಲಿನಲ್ಲಿ ಒಬ್ಬರು ಎಲ್ಲಿ ನಿಲ್ಲುತ್ತಾರೆ ಎಂಬುದಷ್ಟೇ ಅದು. ಒಂದು ವಯಸ್ಸಿನ ದೊಡ್ಡ ಗುಂಪಿಗೆ ಪರೀಕ್ಷೆ ಕೊಟ್ಟು, ಅವರ ಸರಾಸರಿಗೆ 100 ಎಂದು ಗುರುತು ಹಾಕುತ್ತಾರೆ. ಕೆಲವು ವರ್ಷಗಳ ನಂತರ ಹೊಸ ಗುಂಪಿಗೆ ಕೊಟ್ಟು ಆ 100ನ್ನು ಮತ್ತೆ ಕೂರಿಸುತ್ತಾರೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಜೇಮ್ಸ್ ಫ್ಲಿನ್ ಗಮನಿಸಿದ್ದು ಈ ಮರುಕೂರಿಸುವಿಕೆಯನ್ನು. ಹೊಸ ಗುಂಪಿಗೆ ಹಳೆಯ ಪರೀಕ್ಷೆ ಕೊಟ್ಟಾಗಲೆಲ್ಲ ಅವರ ಸರಾಸರಿ 100 ದಾಟುತ್ತಿತ್ತು. 1984ರ ಅವರ ಲೆಕ್ಕದಲ್ಲಿ 1932ರಿಂದ 1978ರ ನಡುವೆ ಅಮೆರಿಕನ್ನರ ಸರಾಸರಿ 13.8 ಅಂಕ ಏರಿತ್ತು, ಅಂದರೆ ದಶಕಕ್ಕೆ ಸುಮಾರು 3. 1987ರಲ್ಲಿ 14 ದೇಶಗಳ ಮಾಹಿತಿ ಸೇರಿಸಿದರು. ಚಿತ್ರದ ಸಾಲಿನಲ್ಲಿ ಬಿಟ್ಟುಹೋದ ತುಣುಕನ್ನು ಹುಡುಕಿಸುವ ರೇವನ್ ಪರೀಕ್ಷೆಯಲ್ಲಿ ನೆದರ್ಲೆಂಡ್ಸಿನ ಸೇನಾಭರ್ತಿ ಯುವಕರು 1952ರಿಂದ 1982ರೊಳಗೆ ಹತ್ತಿರ ಹತ್ತಿರ 20 ಅಂಕ ಮೇಲೇರಿದ್ದರು.

ಇಲ್ಲಿಗೆ ನಿಲ್ಲಿಸಿದರೆ "ಹೊಸಬರು ಹಳಬರಿಗಿಂತ ಜಾಣರು" ಅನ್ನಿಸುತ್ತದೆ. ಆದರೆ ಏರಿಕೆ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಅಮೆರಿಕದ ಮಕ್ಕಳ ವೆಕ್ಸ್ಲರ್ ಬುದ್ಧಿಪರೀಕ್ಷೆಯಲ್ಲಿ 1947ರಿಂದ 2002ರವರೆಗೆ "ಇವೆರಡರಲ್ಲಿ ಏನು ಹೋಲಿಕೆ?" ಎಂಬ ವಿಭಾಗದಲ್ಲಿ 24 ಅಂಕದಷ್ಟು ಏರಿಕೆ ಕಂಡಿತು. ಅಂಕಗಣಿತ, ಸಾಮಾನ್ಯ ಜ್ಞಾನ, ಪದಸಂಪತ್ತುಗಳಲ್ಲಿ ಏರಿದ್ದು ಬೆರಳೆಣಿಕೆಯಷ್ಟು. ಏರಿದ್ದು ವಸ್ತುಗಳನ್ನು ವರ್ಗ ಮಾಡಿ ಯೋಚಿಸುವ ರೂಢಿ. ರಷ್ಯಾದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ 1931–32ರಲ್ಲಿ ಮಧ್ಯ ಏಷ್ಯಾದ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ಇಟ್ಟು "ಇದರಲ್ಲಿ ಸೇರದ್ದು ಯಾವುದು?" ಎಂದು ಕೇಳಿದ್ದರು. ಶಾಲೆ ಕಂಡವರು ದಿಮ್ಮಿಯನ್ನು ತೆಗೆದರು, ಉಳಿದವು ಹತಾರಗಳಲ್ಲವೇ. ಶಾಲೆ ಕಾಣದ ರೈತರು ಯಾವುದನ್ನೂ ತೆಗೆಯಲು ಒಪ್ಪಲಿಲ್ಲ. ದಿಮ್ಮಿಯೇ ಇಲ್ಲದಿದ್ದರೆ ಗರಗಸದಿಂದ ಕೊಯ್ಯುವುದೇನನ್ನು? ಆ ಉತ್ತರದಲ್ಲಿ ದಡ್ಡತನ ಇಲ್ಲ, ಬದುಕಿನ ಲೆಕ್ಕ ಇದೆ. ಪರೀಕ್ಷೆ ಮಾತ್ರ ಅದಕ್ಕೆ ಸೊನ್ನೆ ಹಾಕುತ್ತದೆ. ಸಭೆಯಲ್ಲಿ ಅಜ್ಜ ಅಜ್ಜಿಯರು ಇರುತ್ತಾರಲ್ಲ, ಈ ಉದಾಹರಣೆಯನ್ನು ದಯವಿಟ್ಟು ಬಿಡಬೇಡಿ.

ಈಗ ಇಳಿಕೆಗೆ ಬರೋಣ. ನಾರ್ವೆಯಲ್ಲಿ ಗಂಡುಮಕ್ಕಳಿಗೆಲ್ಲ ಸೇನಾಭರ್ತಿಯ ಬುದ್ಧಿಪರೀಕ್ಷೆ ಇತ್ತು. ಬ್ರಾಟ್ಸ್‌ಬರ್ಗ್ ಮತ್ತು ರೋಗೆಬರ್ಗ್ 2018ರಲ್ಲಿ ಪ್ರಕಟಿಸಿದ ಅಧ್ಯಯನ 1962ರಿಂದ 1991ರವರೆಗೆ ಹುಟ್ಟಿದವರನ್ನು ನೋಡಿತು. 1975ರಲ್ಲಿ ಹುಟ್ಟಿದವರವರೆಗೆ ಏರಿಕೆ, ಆಮೇಲೆ ಇಳಿಕೆ. ಇದರ ಗಟ್ಟಿತನ ಇರುವುದು ಒಂದೇ ಮನೆಯ ಅಣ್ಣತಮ್ಮಂದಿರನ್ನು ಹೋಲಿಸಿದ್ದರಲ್ಲಿ. ತಂದೆ ತಾಯಿ ಅದೇ, ವಂಶವಾಹಿಯ ಮೂಲ ಅದೇ, ಆದರೂ ಏರಿಕೆ ಇಳಿಕೆ ಎರಡೂ ಮನೆಯೊಳಗೇ ಕಾಣಿಸಿದವು. "ಓದಿದವರು ಮಕ್ಕಳನ್ನು ಕಡಿಮೆ ಹೆರುತ್ತಾರೆ", "ವಲಸಿಗರು ಬಂದರು" ಎಂಬ ವಿವರಣೆಗಳು ಇದರ ಮುಂದೆ ನಿಲ್ಲುವುದಿಲ್ಲ. ಕಾರಣ ಪರಿಸರದಲ್ಲೇ ಇರಬೇಕು.

ಹಾಗಾದರೆ ಫೋನೇ? ಇಸವಿ ಇಟ್ಟು ನೋಡಿ. 1975ರ ನಂತರ ಹುಟ್ಟಿದ ಹುಡುಗರು ಪರೀಕ್ಷೆಗೆ ಕೂತದ್ದು 1990ರ ದಶಕದ ನಡುವಿನಿಂದ. ಮೊದಲ ಐಫೋನ್ ಬಂದದ್ದು 2007ರಲ್ಲಿ. ಇಳಿಕೆ ಶುರುವಾದಾಗ ಸ್ಮಾರ್ಟ್‌ಫೋನ್ ಇರಲೇ ಇಲ್ಲ. ಆಮೇಲೆ ಅದು ಏನೂ ಮಾಡಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ಆರಂಭಕ್ಕೆ ಅದನ್ನು ಹೊಣೆ ಮಾಡಲಾಗದು. ಅಮೆರಿಕದಲ್ಲಿ 2006–2018ರ ಆನ್‌ಲೈನ್ ಪರೀಕ್ಷೆಗಳ ವಿಶ್ಲೇಷಣೆಯೊಂದರಲ್ಲೂ ಮಾತಿನ ತರ್ಕ, ಚಿತ್ರತರ್ಕಗಳಲ್ಲಿ ಇಳಿಕೆ ಕಂಡಿತು, ಆಕೃತಿಯನ್ನು ಮನಸ್ಸಿನಲ್ಲೇ ತಿರುಗಿಸುವ ಪರೀಕ್ಷೆಯಲ್ಲಿ ಏರಿಕೆ. ಅವರು ತಾವಾಗಿ ಬಂದು ಪರೀಕ್ಷೆ ತೆಗೆದುಕೊಂಡವರು, ಇಡೀ ದೇಶದ ಪ್ರತಿನಿಧಿಗಳಲ್ಲ.

ತಂತ್ರಜ್ಞಾನ ಬುದ್ಧಿಯನ್ನು ಮುಟ್ಟಿದ ಅತಿ ಸ್ಪಷ್ಟ ಉದಾಹರಣೆ ಬೇಕೆಂದರೆ ಪರದೆ ಬಿಟ್ಟು ಉಪ್ಪು ಮತ್ತು ಪೆಟ್ರೋಲ್ ನೋಡಿ. ಬಸಿರಿನಲ್ಲಿ ಅಯೋಡಿನ್ ಕೊರತೆಯಾದರೆ ಮಗುವಿನ ಮೆದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ, ಅಯೋಡಿನ್ ಬೆರೆಸಿದ ಉಪ್ಪು ಅದನ್ನು ತಡೆಯುತ್ತದೆ. ಸೀಸ ಬೆರೆತ ಪೆಟ್ರೋಲಿನ ಹೊಗೆ ಲೋಕದಾದ್ಯಂತ ಮಕ್ಕಳ ಐಕ್ಯೂ ಇಳಿಸಿತು. ಭಾರತದಲ್ಲಿ ಅದು 2000ದಲ್ಲಿ ನಿಂತಿತು. ಬಣ್ಣದಲ್ಲಿ ಸೀಸದ ಮಿತಿ ಈಗ ಹತ್ತು ಲಕ್ಷಕ್ಕೆ 90 ಭಾಗ. ಹಳೆ ಬ್ಯಾಟರಿ ಒಡೆದು ಕರಗಿಸುವ ಗುಡಿಸಲು ಕೈಗಾರಿಕೆ, ಬಣ್ಣ ಹಾಕಿದ ಕಲಬೆರಕೆ ಅರಿಶಿನ, ಕೆಲವು ಕಾಡಿಗೆಗಳಿಂದ ಇವತ್ತಿಗೂ ಸೀಸ ಮೈಸೇರುತ್ತದೆ. ಪೋಷಕರಿಗೆ ಮೊಬೈಲ್ ಬಗ್ಗೆ ಹೇಳುವ ಮೊದಲು ಇದನ್ನು ಐದು ನಿಮಿಷ ಹೇಳಿದರೂ ಸಾರ್ಥಕ.

ನಮ್ಮ ನೆಲದ ಮಾತೊಂದು. ವಿ.ವಿ. ಕಾಮತ್ 1930ರ ದಶಕದಲ್ಲಿ ಧಾರವಾಡದಲ್ಲಿ ಸ್ಟ್ಯಾನ್‌ಫರ್ಡ್-ಬಿನೆ ಎಂಬ ಅಮೆರಿಕದ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಅದು ದೇಶದ ಎಷ್ಟೋ ಚಿಕಿತ್ಸಾಲಯಗಳಲ್ಲಿ ಬಳಕೆಗೆ ಬಂತು. ಲೆಕ್ಕ ಸರಳ: ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಬೇಕು. ಎಂಟು ವರ್ಷದ ಮಗು ಹತ್ತು ವರ್ಷದವರ ಮಟ್ಟದ ಪ್ರಶ್ನೆ ಬಿಡಿಸಿದರೆ 125. ತೊಂದರೆ ಇರುವುದು ಹಳೆಯ 100ರಲ್ಲಿ. ಫ್ಲಿನ್ ಲೆಕ್ಕದ ವೇಗದಲ್ಲೇ ಹೋದರೂ, 20 ವರ್ಷ ಹಳೆಯ ಮಾನದಂಡ ಇಟ್ಟುಕೊಂಡು ಅಳೆದರೆ ಸಾಧಾರಣ ಮಗುವಿಗೆ 106 ಬರುತ್ತದೆ. ಗಡಿಯಲ್ಲಿರುವ ಮಗುವಿಗೆ ಇದೇ ಮುಳುವು: ನಿಜಕ್ಕೂ 68 ಇರಬೇಕಾದ ಅಂಕ 74 ಎಂದು ಬಂದರೆ ಬೌದ್ಧಿಕ ಅಂಗವೈಕಲ್ಯದ ಸೌಲಭ್ಯ ಕೈತಪ್ಪಬಹುದು. ಮಗುವಿನ ವರದಿ ಕೈಗೆ ಬಂದಾಗ ಮೂರು ವಿಷಯ ಕೇಳಿ: ಯಾವ ಪರೀಕ್ಷೆ, ಅದರ ಮಾನದಂಡ ಯಾವ ಇಸವಿಯದು, ಮಗುವಿನ ಮನೆಮಾತಿನಲ್ಲಿ ನಡೆಸಿದರೇ.

---

ತೊದಲ್ನುಡಿ

ಎರಡನೇ ಪ್ರಶ್ನೆ ನನಗಿರಲಿ. ವಿಡಿಯೊ ಕಾಲ್ ಬೇರೆ, ವಿಡಿಯೊ ಬೇರೆ. ಇವೆರಡನ್ನು ಒಂದೇ ಲೆಕ್ಕಕ್ಕೆ ಹಾಕಬಾರದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ವರ್ಷ ತುಂಬದ ಮಗುವಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2021ರ ಮಾರ್ಗಸೂಚಿ ಎರಡು ವರ್ಷದೊಳಗಿನವರಿಗೆ ಪರದೆ ಬೇಡ ಎನ್ನುತ್ತಲೇ, ನೆಂಟರ ಜೊತೆ ಆಗೊಮ್ಮೆ ಈಗೊಮ್ಮೆ ಮಾಡುವ ವಿಡಿಯೊ ಕಾಲ್‌ಗೆ ವಿನಾಯಿತಿ ಕೊಡುತ್ತದೆ.

ಈ ವಿನಾಯಿತಿಯ ಹಿಂದೆ ಪ್ರಯೋಗ ಇದೆ. ಪೆಟ್ರಿಶಿಯಾ ಕೂಲ್ ಅವರ ತಂಡ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸಲ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಎದುರಿಗೆ ಕೂತು ಆಡಿಸುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದ ಕಲಿತವು. ಅದೇ ಮಾತು, ಅದೇ ಆಟಿಕೆ, ಅದೇ ಮುಖ ಡಿವಿಡಿಯಲ್ಲಿ ಬಂದಾಗ ಏನೂ ಕಲಿಯಲಿಲ್ಲ. 2014ರಲ್ಲಿ ರೋಸ್‌ಬೆರಿ, ಹಿರ್ಶ್-ಪಾಸೆಕ್ ಮತ್ತು ಗೋಲಿಂಕಾಫ್ ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದ ಕಲಿಸಿ ನೋಡಿದರು. ನೇರ ವಿಡಿಯೊ ಕಾಲ್‌ನಲ್ಲಿ ಕಲಿತರು, ರೆಕಾರ್ಡ್ ಮಾಡಿದ ವಿಡಿಯೊದಲ್ಲಿ ಕಲಿಯಲಿಲ್ಲ. ವ್ಯತ್ಯಾಸ ಇಷ್ಟೇ: ಮಗು "ಆ" ಅಂದ ತಕ್ಷಣ ಆ ಕಡೆಯಿಂದ ಮರುಮಾತು ಬರುತ್ತದೋ ಇಲ್ಲವೋ.

ಮಗಳು ಕ್ಯಾಲಿಫೋರ್ನಿಯಾದಲ್ಲಿ, ಅಜ್ಜಿ ತಿಪಟೂರಿನಲ್ಲಿ ಅಂದುಕೊಳ್ಳಿ. ಕರೆ ಹೀಗೆ ಮಾಡಿದರೆ ಫಲ ಸಿಗುತ್ತದೆ.

ಸಮಯ: ಮಾರ್ಚ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ ಅಲ್ಲಿಗೂ ಇಲ್ಲಿಗೂ 12 ಗಂಟೆ 30 ನಿಮಿಷ ಅಂತರ, ಉಳಿದ ತಿಂಗಳಲ್ಲಿ 13 ಗಂಟೆ 30 ನಿಮಿಷ. ಇಲ್ಲಿ ಶನಿವಾರ ಬೆಳಿಗ್ಗೆ 8 ಅಂದರೆ ಅಲ್ಲಿ ಶುಕ್ರವಾರ ಸಂಜೆ 7:30, ಚಳಿಗಾಲದಲ್ಲಿ 6:30. ಮಗು ನಿದ್ದೆಗಣ್ಣಲ್ಲಿದ್ದರೆ ಹಿಡಿದು ಕೂರಿಸಬೇಡಿ. ಎರಡು ವರ್ಷದ ಮಗುವಿಗೆ ಹತ್ತು ಹದಿನೈದು ನಿಮಿಷ ಧಾರಾಳ. ವಾರಕ್ಕೊಮ್ಮೆ ಒಂದು ಗಂಟೆಗಿಂತ ವಾರದಲ್ಲಿ ನಾಲ್ಕು ಸಲ ಹತ್ತು ನಿಮಿಷ ವಾಸಿ.

ಫೋನ್ ಇಡುವ ಜಾಗ: ಅಜ್ಜಿ ಕೈಯಲ್ಲಿ ಹಿಡಿದುಕೊಂಡರೆ ಮಗುವಿಗೆ ಕಾಣುವುದು ಹಣೆ ಮತ್ತು ಫ್ಯಾನು. ಅಕ್ಕಿ ಡಬ್ಬಕ್ಕೆ ಒರಗಿಸಿ, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲಿ. ಕಿಟಕಿ ಅಜ್ಜಿಯ ಎದುರಿಗಿರಬೇಕು, ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ, ತುಟಿ ಕಾಣುವುದಿಲ್ಲ. ಎರಡೂ ಕಡೆ ಟಿವಿ ಆರಿಸಿ.

ತಡ: ಮುಖಾಮುಖಿ ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಸುಮಾರು 200 ಮಿಲಿಸೆಕೆಂಡ್ ಮಾತ್ರ ಇರುತ್ತದೆ. ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಮೀರಿ ತಡವಾದರೆ ಮಾತು ಒಂದರ ಮೇಲೊಂದು ಬೀಳತೊಡಗುತ್ತದೆ. ಕಡಲ ತಳದ ಕೇಬಲ್ ದಾಟುವುದರಲ್ಲೇ ಅದರ ಬಹುಪಾಲು ಮುಗಿದಿರುತ್ತದೆ. ಅದರ ಮೇಲೆ ವೈಫೈ ದುರ್ಬಲವಾದರೆ ಅಜ್ಜಿ ಕೇಳುತ್ತಾರೆ, ಉತ್ತರ ಬರುವುದರೊಳಗೆ ಮತ್ತೆ ಕೇಳುತ್ತಾರೆ, ಮಗು ಗಲಿಬಿಲಿಯಾಗಿ ಎದ್ದು ಹೋಗುತ್ತದೆ. "ಮಗುಗೆ ನನ್ನ ಮೇಲೆ ಅಕ್ಕರೆ ಇಲ್ಲ" ಎಂದು ಅಜ್ಜಿ ನೊಂದುಕೊಳ್ಳುವುದು ಇಲ್ಲೇ. ಒಂದು ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದು ಎಣಿಸಲಿ. ರೂಟರ್ ಇರುವ ಕೋಣೆಯಲ್ಲೇ ಕೂತರೆ ಇನ್ನೂ ಒಳ್ಳೆಯದು.

ಮಾತಿನ ವಸ್ತು: "ಊಟ ಆಯ್ತಾ? ಏನ್ ಊಟ?" ಇವು ಪುಟ್ಟ ಮಗುವಿಗೆ ಕಷ್ಟದ ಪ್ರಶ್ನೆಗಳು, ಎದುರಿಗಿಲ್ಲದ್ದನ್ನು ನೆನೆದು ಹೇಳಬೇಕು. ಎರಡೂ ಮನೆಯಲ್ಲಿ ಒಂದೇ ಥರದ ನಾಲ್ಕು ವಸ್ತು ಇಟ್ಟುಕೊಳ್ಳಿ: ಲೋಟ, ಚಮಚ, ಚೆಂಡು, ಒಂದು ಚಿತ್ರಪುಸ್ತಕ. ಅಜ್ಜಿ ಚೆಂಡನ್ನು ಲೋಟದಲ್ಲಿ ಹಾಕಿ "ಒಳಗೆ ಹಾಕ್ದೆ, ನೀನೂ ಹಾಕು" ಅನ್ನಲಿ. ಗೊತ್ತಿರುವ ಶಿಶುಪದ್ಯದ ಸಾಲಿನ ಕೊನೆಯ ಪದ ನುಂಗಿಕೊಂಡು ಕಾಯಲಿ, ಮಗು ತುಂಬಿಸುತ್ತದೆ. ಮಗುವಿನ ಪಕ್ಕ ಅಮ್ಮನೋ ಅಪ್ಪನೋ ಕೂತಿರಲೇಬೇಕು, ಆದರೆ "ಹೇಳು ಪುಟ್ಟಾ, ಅಜ್ಜಿಗೆ ಹೇಳು" ಎಂದು ಒತ್ತಾಯಿಸಬಾರದು. ಹೊರನಾಡಿನ ಮಗುವಿಗೆ ಅಪ್ಪ ಅಮ್ಮನ ಹೊರತು ಇನ್ನೊಬ್ಬರ ಬಾಯಿಂದ ಕನ್ನಡ ಕೇಳುವ ದಾರಿ ಎಷ್ಟೋ ಸಲ ಇದೊಂದೇ. ಹಾಗಾಗಿ ಅಜ್ಜಿ ಇಂಗ್ಲಿಷ್ ಪದ ಹುಡುಕಿ ಕಷ್ಟಪಡುವುದು ಬೇಡ, ತಮ್ಮೂರಿನ ಕನ್ನಡವನ್ನೇ ಆಡಲಿ.

ಇನ್ನು ಯಾರೂ ನೋಡದೆ ಹಾಲ್‌ನಲ್ಲಿ ಓಡುತ್ತಿರುವ ಟಿವಿ. 2009ರ ಅಧ್ಯಯನವೊಂದರಲ್ಲಿ ಪುಟಾಣಿಗಳ ಮೈಮೇಲೆ ಧ್ವನಿಮುದ್ರಕ ಕಟ್ಟಿ ಎಣಿಸಿದಾಗ, ಟಿವಿ ಸದ್ದಿನ ಪ್ರತಿ ಒಂದು ಗಂಟೆಗೆ ದೊಡ್ಡವರಿಂದ ಮಗು ಕೇಳಿದ ಪದಗಳು 770ರಷ್ಟು ಕಡಿಮೆಯಾಗಿದ್ದವು. ಧಾರಾವಾಹಿ ನೋಡಬೇಡಿ ಅಂತಲ್ಲ. ಮಗು ಎಚ್ಚರವಿರುವಾಗ ಸುಮ್ಮನೆ ಹಾಕಿಡಬೇಡಿ.

---

ಕಟ್ಟೆಮಾತು

ಅಳತೆಗೋಲು ಅವರ ಇಸವಿ ಲೆಕ್ಕ ಸರಿ. ಆದರೆ "ಐಕ್ಯೂ ಇಳಿಕೆಗೆ ಫೋನ್ ಕಾರಣ ಅಲ್ಲ" ಎಂಬುದನ್ನು ಸಭೆಯಲ್ಲಿ ಹೇಳಿದರೆ ಕೇಳಿದವರು "ಹಾಗಾದ್ರೆ ಏನೂ ತೊಂದ್ರೆ ಇಲ್ಲ" ಎಂದು ತಿಳಿದು ಮನೆಗೆ ಹೋಗುತ್ತಾರೆ. ಬುದ್ಧಿಪರೀಕ್ಷೆಯ ಅಂಕ ಒಂದು, ಜನ ಜನರ ಜೊತೆ ಕಳೆಯುವ ಹೊತ್ತು ಇನ್ನೊಂದು. ಎರಡನೆಯದರ ಬಗ್ಗೆ ಕೆನಡಾದ ಒಂದು ಅಧ್ಯಯನ ಗಮನಿಸಬೇಕು.

ಬ್ರಿಟಿಷ್ ಕೊಲಂಬಿಯಾದ ಒಂದು ಪಟ್ಟಣಕ್ಕೆ ಕಣಿವೆಯ ಕಾರಣದಿಂದ 1973ರವರೆಗೆ ಟಿವಿ ಸಿಗುತ್ತಿರಲಿಲ್ಲ. ಟಾನಿಸ್ ಮ್ಯಾಕ್‌ಬೆತ್ ವಿಲಿಯಮ್ಸ್ ಮತ್ತು ಸಂಗಡಿಗರು ಟಿವಿ ಬರುವ ಮುಂಚೆ ಒಮ್ಮೆ, ಬಂದು ಎರಡು ವರ್ಷಕ್ಕೆ ಇನ್ನೊಮ್ಮೆ ಅಳೆದರು. ಹೋಲಿಕೆಗೆ ಆಗಲೇ ಟಿವಿ ಇದ್ದ ಎರಡು ಊರುಗಳನ್ನು ಇಟ್ಟುಕೊಂಡರು. ಟಿವಿ ಬಂದ ಮೇಲೆ ಮಕ್ಕಳ ಸೃಜನಶೀಲತೆಯ ಅಂಕ ಉಳಿದ ಊರುಗಳ ಮಟ್ಟಕ್ಕೆ ಇಳಿಯಿತು, ಆಟದ ಬಯಲಿನಲ್ಲಿ ಬೈಗುಳ ಕೈಕೈ ಮಿಲಾಯಿಸುವುದು ಹೆಚ್ಚಿತು, ದೊಡ್ಡವರು ಕ್ರೀಡೆಗೆ, ಊರಿನ ಕೂಟಗಳಿಗೆ ಹೋಗುವುದು ತಗ್ಗಿತು. ಒಂದೇ ಪಟ್ಟಣದ ಕಥೆ ನಿಜ, ಆದರೆ ಮುಂಚೆಯೂ ಆಮೇಲೂ ಅಳೆದ ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಯಂತ್ರ ತಲೆಯೊಳಗೆ ಹೊಕ್ಕು ಕೆಡಿಸಿತು ಎಂಬುದಕ್ಕಿಂತ, ಅದು ಯಾವ ಕೆಲಸದ ಹೊತ್ತನ್ನು ನುಂಗಿತು ಎಂಬುದನ್ನು ನೋಡಬೇಕು.

ಇಂಟರ್‌ನೆಟ್ ಬಗ್ಗೆಯೂ ಹೀಗೇ. ರಾಬರ್ಟ್ ಕ್ರೌಟ್ ತಂಡ 1998ರಲ್ಲಿ ಪಿಟ್ಸ್‌ಬರ್ಗ್‌ನ 73 ಮನೆಗಳ 169 ಮಂದಿಯನ್ನು ನೋಡಿ, ಹೆಚ್ಚು ಬಳಸಿದವರು ಮನೆಯವರ ಜೊತೆ ಮಾತು ಕಡಿಮೆ ಮಾಡಿದರು, ಒಂಟಿತನ ಹೆಚ್ಚಿತು ಎಂದಿತು. 2002ರಲ್ಲಿ ಅದೇ ತಂಡ ಹಳೆಯ ಜನರನ್ನೇ ಮತ್ತೆ ನೋಡಿ, ಆ ದುಷ್ಪರಿಣಾಮ ಬಹುಮಟ್ಟಿಗೆ ಮಾಯವಾಗಿದೆ ಎಂದು ಬರೆಯಿತು. ಅಷ್ಟರಲ್ಲಿ ಅವರ ಗೆಳೆಯರು, ನೆಂಟರು ಕೂಡ ಇಂಟರ್‌ನೆಟ್‌ಗೆ ಬಂದಿದ್ದರು. ಸಭೆಯಲ್ಲಿ ಯಾರಾದರೂ 1998ರ ಅಂಕಿ ಎತ್ತಿದರೆ 2002ರದ್ದನ್ನೂ ಹೇಳಿ.

ಮಕ್ಕಳಿಗೆ ಬುದ್ಧಿ ಹೇಳುವ ಮೊದಲು ದೊಡ್ಡವರ ಕೈ ನೋಡಬೇಕು. 2014ರಲ್ಲಿ ಬಾಸ್ಟನ್‌ನ ಹೋಟೆಲುಗಳಲ್ಲಿ ಮಕ್ಕಳ ಜೊತೆ ಊಟಕ್ಕೆ ಬಂದ 55 ಮಂದಿಯನ್ನು ದೂರದಿಂದ ಗಮನಿಸಿದಾಗ 40 ಮಂದಿ ಊಟದ ನಡುವೆ ಫೋನ್ ಬಳಸಿದರು. ಕೆಲವರು ಊಟ ಮುಗಿಯುವವರೆಗೂ ಕೆಳಗಿಡಲಿಲ್ಲ. ಮನೆಯಲ್ಲಿ ನಿಯಮ ಮಾಡುವುದಾದರೆ ವಯಸ್ಸಿಗೊಂದು ನಿಯಮ ಬೇಡ, ಜಾಗಕ್ಕೊಂದು ಇರಲಿ: ಊಟದ ಜಾಗ ಮತ್ತು ಮಲಗುವ ಕೋಣೆಗೆ ಫೋನ್ ಇಲ್ಲ, ಚಾರ್ಜರ್ ಎಲ್ಲರದ್ದೂ ಹಾಲ್‌ನಲ್ಲಿ. ಅಜ್ಜನ ಫೋನೂ ಅಲ್ಲೇ. ಇದು ಸೋಲುವುದು ಸಾಮಾನ್ಯವಾಗಿ ಅಲಾರಂ ನೆಪದಲ್ಲಿ, ಹಾಗಾಗಿ ಮೊದಲೇ ಒಂದು ಅಲಾರಂ ಗಡಿಯಾರ ತಂದಿಡಿ.

ಸಭೆಯ ಆರಂಭಕ್ಕೆ ಬೇಕಾದರೆ ಇದು: ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಸಂಶೋಧಕ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದು ಮೈಸೂರಿನಲ್ಲಿ ಮನಶ್ಶಾಸ್ತ್ರ ಕಲಿಸಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ "ಆಕಾಶವಾಣಿ" ಬಾನುಲಿ ಶುರು ಮಾಡಿದ್ದು. ಬುದ್ಧಿಯನ್ನು ಅಳೆಯಬಲ್ಲ ಮನುಷ್ಯ ಹೊಸ ಯಂತ್ರವನ್ನು ಊರಿನವರ ಕಿವಿಗೆ ಸಂಗೀತ, ಭಾಷಣ ತಲುಪಿಸಲು ಬಳಸಿದರು.

---

ಸಂಜೆಪಾಠ

ಹೈಸ್ಕೂಲ್ ಮಕ್ಕಳ ವಿಷಯ ಚಿಕ್ಕದಾಗಿ ಹೇಳುತ್ತೇನೆ.

ಹಳ್ಳಿಮಕ್ಕಳ ಕಲಿಕೆಯ ಸಮೀಕ್ಷೆಯಾದ 2024ರ ಅಸರ್ ವರದಿ ಪ್ರಕಾರ ಗ್ರಾಮೀಣ ಭಾರತದ 14–16ರ ಮಕ್ಕಳಲ್ಲಿ ಶೇ. 82.2 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಓದಿನ ಕೆಲಸಕ್ಕೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಶೇ. 76. ಮಾತಿಗೆ ಈ ಅಂಕಿ ಸಾಕು.

ಕ್ಯಾಲ್ಕುಲೇಟರ್ ಬಗ್ಗೆ 1986ರಲ್ಲೇ ಹೆಂಬ್ರಿ ಮತ್ತು ಡೆಸಾರ್ಟ್ 79 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ್ದರು. ಮಾಮೂಲಿ ಪಾಠದ ಜೊತೆಗೆ ಬಳಸಿದರೆ ಕಾಗದದ ಲೆಕ್ಕಕ್ಕೆ ಧಕ್ಕೆ ಇಲ್ಲ, ನಾಲ್ಕನೇ ತರಗತಿ ಒಂದನ್ನು ಬಿಟ್ಟು. ಗುಣಾಕಾರ ಭಾಗಾಕಾರ ಕೈಗೆ ಕೂರುವ ವಯಸ್ಸು ಅದು. ಆ ಹೊತ್ತಿಗೆ ಮಗ್ಗಿ ಬಾಯಿಗೆ ಬಂದಿರಲಿ, ಆಮೇಲೆ ಯಂತ್ರ ಬರಲಿ.

ಚಾಟ್‌ಬಾಟ್ ವಿಷಯ ಇದಕ್ಕಿಂತ ಗಂಭೀರ. ತುರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಗಣಿತದ ಪ್ರಯೋಗ ನಡೆಯಿತು. ಸಾದಾ ಚಾಟ್‌ಬಾಟ್ ಕೊಟ್ಟವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48 ಹೆಚ್ಚು ಅಂಕ ಪಡೆದರು. ಯಂತ್ರ ತೆಗೆದು ಪರೀಕ್ಷೆ ಕೊಟ್ಟಾಗ, ಅದನ್ನು ಎಂದೂ ಬಳಸದವರಿಗಿಂತ ಶೇ. 17 ಕೆಳಗೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಇನ್ನೊಂದು ಚಾಟ್‌ಬಾಟ್ ಬಳಸಿದವರಿಗೆ ಅಭ್ಯಾಸದಲ್ಲಿ ಶೇ. 127 ಏರಿಕೆ, ಪರೀಕ್ಷೆಯಲ್ಲಿ ಆ ನಷ್ಟವೂ ಬಹುಪಾಲು ಇಲ್ಲ.

ಮನೆಯಲ್ಲಿ ಮಾಡಬೇಕಾದ್ದು: ಮೊದಲು ಮಗು ಹತ್ತು ನಿಮಿಷ ಕಾಗದದ ಮೇಲೆ ತಾನೇ ಪ್ರಯತ್ನಿಸಲಿ, ಸಿಕ್ಕಿಬಿದ್ದ ಸಾಲಿಗೆ ಗೆರೆ ಎಳೆಯಲಿ. ಆಮೇಲೆ ಚಾಟ್‌ಬಾಟ್‌ಗೆ ಇಡೀ ಲೆಕ್ಕ ಕೊಡದೆ ತನ್ನ ಹೆಜ್ಜೆಗಳನ್ನು ಬರೆದು, "ಉತ್ತರ ಹೇಳಬೇಡ. ಯಾವ ಹೆಜ್ಜೆ ತಪ್ಪಿದೆ ಎಂದಷ್ಟೇ ಹೇಳು, ಒಂದು ಸುಳಿವು ಕೊಡು" ಎಂದು ಕೇಳಲಿ. ಮಾರನೇ ದಿನ ಫೋನ್ ಇಲ್ಲದೆ ಅದೇ ಮಾದರಿಯ ಬೇರೆ ಸಂಖ್ಯೆಯ ಲೆಕ್ಕ ಮಾಡಿಸಿ. ಈ ಕೊನೆಯ ಹೆಜ್ಜೆ ಬಿಟ್ಟರೆ ಮೊದಲಿನವೆರಡೂ ನೀರಿನಲ್ಲಿ ಹೋಮ. ಯಂತ್ರ ತಪ್ಪು ಲೆಕ್ಕವನ್ನೂ ಅಷ್ಟೇ ಧೈರ್ಯದಿಂದ ಬರೆಯುತ್ತದೆ ಎಂದು ಮಗುವಿಗೆ ಮೊದಲೇ ಹೇಳಿಡಿ.

---

ನಿಧಾನಬೆರಳು

ಹಿರಿಯರ ಬಗ್ಗೆ. 2025ರಲ್ಲಿ ಬೆಂಜ್ ಮತ್ತು ಸ್ಕಲ್ಲಿನ್ 57 ಅಧ್ಯಯನಗಳ 4,11,430 ಮಂದಿಯ ಮಾಹಿತಿ ಸೇರಿಸಿ ನೋಡಿದಾಗ, ನಡುವಯಸ್ಸಿನ ನಂತರ ಡಿಜಿಟಲ್ ಸಾಧನ ಬಳಸುವವರಲ್ಲಿ ಮರೆವು, ಅರಿವಿನ ಶಕ್ತಿ ಕುಗ್ಗುವ ಅಪಾಯ ಶೇ. 58ರಷ್ಟು ಕಡಿಮೆ ಕಂಡಿತು. ಇದನ್ನು "ಫೋನ್ ಕೊಟ್ಟರೆ ಮರೆವು ಬರಲ್ಲ" ಎಂದು ಹೇಳಬೇಡಿ. ಬುದ್ಧಿ ಚುರುಕಾಗಿರುವವರೇ ಫೋನ್ ಕಲಿಯುತ್ತಾರೆ ಎಂಬುದೂ ಇದರೊಳಗೆ ಸೇರಿರಬಹುದು. "ಫೋನ್ ಹಿಡಿದರೆ ವಯಸ್ಸಾದವರ ತಲೆ ಕೆಡುತ್ತದೆ" ಎಂಬ ಮಾತಿಗೆ ಮಾತ್ರ ಆಧಾರ ಇಲ್ಲ.

ಕಲಿಸುವಾಗ ಸೋಲುವುದು ಬುದ್ಧಿಯ ಕಾರಣಕ್ಕಲ್ಲ, ಬೆರಳಿನ ಕಾರಣಕ್ಕೆ. ವಯಸ್ಸಾದ ಚರ್ಮ ಒಣಗಿರುತ್ತದೆ, ಮುಟ್ಟಿದ್ದು ಪರದೆಗೆ ತಿಳಿಯುವುದಿಲ್ಲ. ಅದಕ್ಕೇ ಅವರು ಒತ್ತಿ ಹಿಡಿಯುತ್ತಾರೆ. ಫೋನ್ ಅದನ್ನು ಬೇರೆ ಆಜ್ಞೆ ಎಂದುಕೊಂಡು ಐಕಾನ್ ಅಲ್ಲಾಡಿಸುತ್ತದೆ, ಅಳಿಸಲೇ ಎಂದು ಕೇಳುತ್ತದೆ. "ನಾನು ಮುಟ್ಟಿದ್ರೆ ಕೆಟ್ಟೋಗುತ್ತೆ" ಎಂಬ ಭಯ ಹುಟ್ಟುವುದು ಹೀಗೆ. ಪರಿಹಾರ: ಕೈ ತೊಳೆದು ಅರೆಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಲಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಟಚ್ ಆ್ಯಂಡ್ ಹೋಲ್ಡ್ ಡಿಲೇ ಇರುತ್ತದೆ, ಅದನ್ನು ಲಾಂಗ್‌ಗೆ ಇಡಿ. ಅಕ್ಷರದ ಗಾತ್ರ, ಡಿಸ್‌ಪ್ಲೇ ಗಾತ್ರ ಎರಡನ್ನೂ ದೊಡ್ಡದು ಮಾಡಿ. ಭಾಷೆ ಕನ್ನಡಕ್ಕೆ ಬದಲಿಸುವ ಮೊದಲು ಅವರನ್ನೇ ಕೇಳಿ, ಪಕ್ಕದ ಮನೆಯವರ ಫೋನ್ ಇಂಗ್ಲಿಷಿನಲ್ಲಿದ್ದರೆ ಅವರಿಂದ ಸಹಾಯ ಪಡೆಯುವುದು ಕಷ್ಟವಾಗುತ್ತದೆ. ಮನೆಯವರ ಸಂಪರ್ಕಗಳನ್ನು ಫೋಟೊ ಸಮೇತ ಮೊದಲ ಪರದೆಗೆ ತಂದಿಡಿ. ಟೈಪ್ ಮಾಡುವುದರ ಬದಲು ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ ಬರೆಸುವುದನ್ನು ಕಲಿಸಿ.

ಒಂದು ಸಲಕ್ಕೆ ಒಂದೇ ಕೆಲಸ. ಮಾಡಿ ತೋರಿಸಿ, ಮಾಡಿಸಿ, ಐದು ನಿಮಿಷ ಬೇರೆ ಮಾತಾಡಿ, ಮತ್ತೆ ಮಾಡಿಸಿ, ಮಾರನೇ ದಿನ ಕೇಳಿ. ಹೆಜ್ಜೆಗಳನ್ನು ಅವರ ಕೈಬರಹದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಮೊಮ್ಮಕ್ಕಳಿಗೆ ಒಂದೇ ಕಟ್ಟುಪಾಡು: "ಕೊಡಿ ಇಲ್ಲಿ" ಎಂದು ಫೋನ್ ಕಸಿದುಕೊಳ್ಳಬಾರದು, ಬೆರಳು ತೋರಿಸಬಹುದು, ಒತ್ತುವುದು ಅಜ್ಜಿಯೇ.

ಮೋಸದ ಕರೆ ತಡೆಯಲು ವಾಟ್ಸಾಪ್ ಸೆಟ್ಟಿಂಗ್ಸ್, ಪ್ರೈವೆಸಿ, ಕಾಲ್ಸ್‌ಗೆ ಹೋಗಿ ಗೊತ್ತಿಲ್ಲದ ನಂಬರಿನ ಕರೆ ಮೌನವಾಗುವಂತೆ ಮಾಡಿ, ಎರಡು ಹಂತದ ಪಿನ್ ಹಾಕಿ. "ಡಿಜಿಟಲ್ ಅರೆಸ್ಟ್" ಎಂಬುದು ಕಾನೂನಿನಲ್ಲೇ ಇಲ್ಲ, ಪೊಲೀಸರು ವಿಡಿಯೊ ಕಾಲ್‌ನಲ್ಲಿ ಬಂಧಿಸುವುದಿಲ್ಲ ಎಂದು ಸಭೆಯಲ್ಲಿ ಗಟ್ಟಿಯಾಗಿ ಹೇಳಿ. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

---

ಹೊಸಬೆಳಕು

ಎಲ್ಲರಿಗೂ ಧನ್ಯವಾದ. ಇದರಲ್ಲಿ ಮೂರು ಸಭೆಗಾಗುವಷ್ಟು ಸರಕಿದೆ. ಒಂದು ಅನುಮಾನ ಉಳಿದಿದೆ: ಕೆಲವು ಹಿರಿಯರು "ಸದ್ದು ಕೇಳುತ್ತೆ, ಏನಂದ್ರು ಅಂತ ಗೊತ್ತಾಗಲ್ಲ" ಎಂದು ವಿಡಿಯೊ ಕಾಲ್‌ಗೆ ಬರುವುದನ್ನೇ ಬಿಡುತ್ತಾರೆ. ಇದು ಮರೆವಿನ ಆರಂಭವೇ, ಫೋನಿನ ದೋಷವೇ?

---

ತೊದಲ್ನುಡಿ

ಮೊದಲು ಕಿವಿ ಪರೀಕ್ಷೆ ಮಾಡಿಸಿ. ವಯಸ್ಸಿನ ಕಿವುಡು ಮೊದಲು ಎತ್ತರದ ಶ್ರುತಿಯ ಸದ್ದುಗಳನ್ನು ತಿನ್ನುತ್ತದೆ. ಸ್ವರಾಕ್ಷರ ಕೇಳುತ್ತವೆ, ಸ, ಶ, ತ, ಕ ಮಸುಕಾಗುತ್ತವೆ. ಅದಕ್ಕೇ ಸದ್ದು ಬಂದರೂ ಪದ ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಕಿವುಡನ್ನು ಹಾಗೇ ಬಿಡುವುದೂ ಒಂಟಿಯಾಗಿರುವುದೂ ಡಿಮೆನ್ಷಿಯಾಕ್ಕೆ (ಮರೆವಿನ ಕಾಯಿಲೆಗೆ) ದಾರಿ ಮಾಡುವ, ಆದರೆ ನಾವು ಸರಿಪಡಿಸಬಹುದಾದ 14 ಅಂಶಗಳ ಪಟ್ಟಿಯಲ್ಲಿವೆ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ಪಟ್ಟಿ ಅದು.

ಮೊದಲು ಇಎನ್‌ಟಿ ವೈದ್ಯರ ಬಳಿ ಗುಗ್ಗೆ ತೆಗೆಸಿ, ಎಷ್ಟೋ ಸಲ ಅರ್ಧ ಸಮಸ್ಯೆ ಅದೇ. ನಂತರ ಆಡಿಯೊಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂಬುದರ ಅಳತೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ, ಆಡಿಯಾಲಜಿಸ್ಟ್ ಇರುವ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ವರದಿಯಲ್ಲಿ ಎಡ ಬಲ ಕಿವಿಗೆ ಬೇರೆ ಬೇರೆ ಗೆರೆ ಇರುತ್ತದೆ, ಕಾಗದದ ಬಲಬದಿಗೆ ಹೋದಂತೆ ಗೆರೆ ಕೆಳಗೆ ಜಾರಿದ್ದರೆ ಮೇಲೆ ಹೇಳಿದ ಥರದ ನಷ್ಟ. ಶ್ರವಣಯಂತ್ರ ಹಾಕಿಸಿದ ಮೊದಲ ವಾರಗಳಲ್ಲಿ ಪಾತ್ರೆ ಸದ್ದು, ಫ್ಯಾನಿನ ಸದ್ದು ಕಿವಿಗೆ ಹೊಡೆಯುತ್ತದೆ, ಬಹಳ ಮಂದಿ ಅಲ್ಲೇ ಅದನ್ನು ಡಬ್ಬಿಗೆ ಹಾಕಿಡುತ್ತಾರೆ. ಮೊದಲ ದಿನಗಳಲ್ಲಿ ಸದ್ದಿಲ್ಲದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆ, ಒಬ್ಬರ ಜೊತೆ ಮಾತ್ರ ಮಾತು, ಆಮೇಲೆ ನಿಧಾನವಾಗಿ ಹೆಚ್ಚಿಸಿ. ಸರಿ ಅನ್ನಿಸದಿದ್ದರೆ ಮತ್ತೆ ಹೋಗಿ ಹೊಂದಿಸಿಕೊಂಡು ಬನ್ನಿ, ಒಂದೇ ಸಲಕ್ಕೆ ಕೂರುವುದು ಅಪರೂಪ. ಅಲ್ಲಿಯವರೆಗೆ ಕರೆಯಲ್ಲಿ ಕಿರುಚಬೇಡಿ, ನಿಧಾನವಾಗಿ, ಮುಖ ತೋರಿಸಿ, ಚಿಕ್ಕ ವಾಕ್ಯದಲ್ಲಿ ಮಾತಾಡಿ. ತಿಳಿಯದಿದ್ದರೆ ಅದೇ ಪದವನ್ನು ಮತ್ತೆ ಹೇಳುವ ಬದಲು ಬೇರೆ ಪದ ಬಳಸಿ ಹೇಳಿ.